ಮನೆಯ ಹೊರಗೆ ಸಿಸಿಟಿವಿ: ಯಾವ ಕ್ಯಾಮೆರಾ, ಯಾವ ಜಾಗ, ಎಷ್ಟು ಎತ್ತರ

ಕ್ಯಾಮೆರಾ ಇದ್ದೂ ಕಳ್ಳನ ಮುಖ ಸಿಗದ ಮನೆಗಳಲ್ಲಿ ದೋಷ ಹೆಚ್ಚಾಗಿ ಇರುವುದು ಕ್ಯಾಮೆರಾ ಕೂರಿಸಿದ ಜಾಗದಲ್ಲಿ. ಮೊದಲ ಮಹಡಿಯ ಸಜ್ಜೆಗೆ ಹಾಕಿದರೆ ನೆತ್ತಿ ಕಾಣುತ್ತದೆ. ಗೇಟಿನಿಂದ ನಲವತ್ತು ಅಡಿ ಒಳಗೆ ಹಾಕಿದರೆ ಮುಖ ಬರೀ ಮಸುಕು. ಗೋಡೆಗೆ ತೀರ ಒತ್ತಿ ಹಾಕಿದರೆ ರಾತ್ರಿ ಆ ಗೋಡೆಯೊಂದೇ ಬೆಳ್ಳಗೆ ಹೊಳೆದು ಉಳಿದದ್ದೆಲ್ಲ ಕತ್ತಲೆ. ಎಂಟು ಕ್ಯಾಮೆರಾಗಳ ಸೆಟ್ಟಿಗೆ ಕೊಡುವ ದುಡ್ಡಿನಲ್ಲಿ ನಾಲ್ಕೇ ಕ್ಯಾಮೆರಾಗಳನ್ನು ಸರಿಯಾದ ಲೆನ್ಸಿನೊಂದಿಗೆ ಸರಿಯಾದ ಜಾಗಕ್ಕೆ ಹಾಕುವುದು ಮೇಲು.

ಇಲ್ಲಿ ಎರಡು ಬಗೆಯ ಮನೆಗಳನ್ನು ಇಟ್ಟುಕೊಂಡು ಹೋಲಿಸಿದ್ದೇವೆ: ಬೆಂಗಳೂರು, ಮೈಸೂರಿನಂಥ ಊರಿನ 30×40 ಸೈಟಿನ ಮನೆ, ಮತ್ತು ಮಲೆನಾಡಿನ ತೋಟದ ಮನೆ. ನಿಮ್ಮದು ಇವೆರಡರ ನಡುವಿನದಾದರೂ ಲೆಕ್ಕ ಇದೇ.

ಈ ಜಾಗದಲ್ಲಿ ಏನು ಕಾಣಬೇಕು?

ಅಂಗಡಿಗೆ ಹೋಗುವ ಮುಂಚೆ ಮನೆಯ ಸುತ್ತ ಒಂದು ಸುತ್ತು ಬಂದು, ಕಾಗದದ ಮೇಲೆ ನಕ್ಷೆ ಬರೆದು, ಒಳಗೆ ಬರಬಹುದಾದ ಪ್ರತಿ ದಾರಿಯ ಮುಂದೆ ಒಂದು ಉತ್ತರ ಬರೆದುಕೊಳ್ಳಿ. ಅಲ್ಲಿ ‘ಯಾರೋ ಬಂದರು’ ಎಂದು ಗೊತ್ತಾದರೆ ಸಾಕೇ? ಬಂದವರು ಪರಿಚಿತರಾದರೆ ಇಂಥವರೇ ಎಂದು ಗುರುತು ಹಿಡಿಯುವಂತಿರಬೇಕೇ? ಅಥವಾ ಅಪರಿಚಿತನ ಮುಖವನ್ನು ಪೊಲೀಸರಿಗೆ ತೋರಿಸುವಂತಿರಬೇಕೇ?

ಈ ಮೂರಕ್ಕೂ ಅಳತೆ ಇದೆ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನಕದ 2014ರ ಆವೃತ್ತಿಯ ಪ್ರಕಾರ ಯಾರೋ ಇದ್ದಾರೆ ಎಂದು ತಿಳಿಯಲು ದೃಶ್ಯದ ಅಗಲದ ಪ್ರತಿ ಮೀಟರಿಗೆ 25 ಪಿಕ್ಸೆಲ್ ಸಾಕು. ಪರಿಚಿತರನ್ನು ಗುರುತಿಸಲು 125, ಅಪರಿಚಿತನನ್ನು ಖಚಿತವಾಗಿ ಗುರುತಿಸಲು 250 ಬೇಕು. ಮನುಷ್ಯನ ಮುಖದ ಅಗಲ ಸುಮಾರು 16 ಸೆಂ.ಮೀ.; 250ರ ಲೆಕ್ಕದಲ್ಲಿ ಮುಖಕ್ಕೆ 40 ಪಿಕ್ಸೆಲ್ ಸಿಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಎಷ್ಟು ಜೂಮ್ ಮಾಡಿದರೂ ಚೌಕಗಳೇ ದೊಡ್ಡದಾಗುತ್ತವೆ.

ಮುಖ ಸಿಗುವ ದೂರವನ್ನು ನಿರ್ಧರಿಸುವುದು ಎರಡು: ಲೆನ್ಸ್ ಎಷ್ಟು ಅಗಲ ನೋಡುತ್ತದೆ, ಮತ್ತು ಆ ಅಗಲಕ್ಕೆ ಎಷ್ಟು ಪಿಕ್ಸೆಲ್ ಹಂಚಿಕೆಯಾಗುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್, 4 ಮೆಗಾಪಿಕ್ಸೆಲಿನದು 2560, 8 ಮೆಗಾಪಿಕ್ಸೆಲಿನದು 3840. ಮನೆಗೆ ಬಳಸುವ ಸಾಮಾನ್ಯ ಕ್ಯಾಮೆರಾಗಳಲ್ಲಿ 2.8 ಮಿ.ಮೀ. ಲೆನ್ಸ್ ಸುಮಾರು 105 ಡಿಗ್ರಿ, 4 ಮಿ.ಮೀ. ಸುಮಾರು 80ರಿಂದ 85, 6 ಮಿ.ಮೀ. ಸುಮಾರು 50ರಿಂದ 55 ಡಿಗ್ರಿ ನೋಡುತ್ತದೆ. ಈ ಲೆಕ್ಕದಲ್ಲಿ, ಹಗಲು ಬೆಳಕಿನಲ್ಲಿ, ಅಪರಿಚಿತನ ಮುಖ ಗುರುತು ಸಿಗುವ ದೂರ ಸರಿಸುಮಾರು ಹೀಗೆ:

| ಲೆನ್ಸ್ | 2 ಮೆಗಾಪಿಕ್ಸೆಲ್ | 4 ಮೆಗಾಪಿಕ್ಸೆಲ್ | 8 ಮೆಗಾಪಿಕ್ಸೆಲ್ |
|---|---|---|---|
| 2.8 ಮಿ.ಮೀ. | 10 ಅಡಿ | 13 ಅಡಿ | 19 ಅಡಿ |
| 4 ಮಿ.ಮೀ. | 14 ಅಡಿ | 19 ಅಡಿ | 29 ಅಡಿ |
| 6 ಮಿ.ಮೀ. | 25 ಅಡಿ | 33 ಅಡಿ | 50 ಅಡಿ |

ಅಂಗಡಿಯವರು ಕೇಳದೆಯೇ ಕೊಡುವುದು ಸಾಮಾನ್ಯವಾಗಿ 2.8 ಅಥವಾ 3.6 ಮಿ.ಮೀ. ಮೊಬೈಲಿನಲ್ಲಿ ಇಡೀ ಅಂಗಳ ಒಂದೇ ಚಿತ್ರದಲ್ಲಿ ಕಂಡಾಗ ಯಾರಿಗಾದರೂ ಖುಷಿಯಾಗುತ್ತದೆ. ಆದರೆ 2 ಮೆಗಾಪಿಕ್ಸೆಲ್ ಕ್ಯಾಮೆರಾಗೆ 2.8ರ ಲೆನ್ಸ್ ಇದ್ದರೆ ಹತ್ತು ಅಡಿಯಾಚೆ ನಿಂತವನ ಮುಖ ಸಾಕ್ಷಿಗೆ ಉಪಯೋಗಕ್ಕೆ ಬರುವುದಿಲ್ಲ. ಅದೇ ಕ್ಯಾಮೆರಾವನ್ನು 6 ಮಿ.ಮೀ. ಲೆನ್ಸಿನೊಂದಿಗೆ ಕೊಂಡರೆ ಇಪ್ಪತ್ತೈದು ಅಡಿಯವರೆಗೆ ಮುಖ ಸಿಗುತ್ತದೆ. ಖರ್ಚಿನಲ್ಲಿ ಅಂಥ ವ್ಯತ್ಯಾಸವಿಲ್ಲ, ಕೇಳಿ ತರಿಸಿಕೊಳ್ಳಬೇಕಷ್ಟೆ. ಜಾಗದ ಅಂದಾಜು ಸಿಗದಿದ್ದರೆ ಗೇಟಿನ ಒಂದು ಕ್ಯಾಮೆರಾಗೆ ಮಾತ್ರ 2.8–12 ಮಿ.ಮೀ. ವೇರಿಫೋಕಲ್ ಲೆನ್ಸಿನದು ತೆಗೆದುಕೊಳ್ಳಿ. ಕೂರಿಸಿದ ಮೇಲೂ ಅದರ ನೋಟವನ್ನು ಹಿಗ್ಗಿಸಿ ಕುಗ್ಗಿಸಬಹುದು.

8 ಮೆಗಾಪಿಕ್ಸೆಲ್ ಎಂದಾಕ್ಷಣ ಮೇಲೆ ಬೀಳಬೇಡಿ. ಸಣ್ಣ ಸೆನ್ಸರಿನಲ್ಲಿ ಅಷ್ಟು ಪಿಕ್ಸೆಲ್ ತುರುಕಿದಾಗ ಒಂದೊಂದಕ್ಕೂ ಬೀಳುವ ಬೆಳಕು ಕಡಿಮೆಯಾಗಿ ರಾತ್ರಿ ಚಿತ್ರ ಕಾಳುಕಾಳಾಗುತ್ತದೆ. ಹಾರ್ಡ್ ಡಿಸ್ಕೂ ಬೇಗ ತುಂಬುತ್ತದೆ. ಮನೆಗಳಿಗೆ 4 ಮೆಗಾಪಿಕ್ಸೆಲ್ ಹದವಾದ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ. ಯಾವುದೇ ಆದರೂ ಮೇಲಿನ ದೂರಗಳಿಂದ ರಾತ್ರಿಗೆ ಮೂರನೇ ಒಂದು ಭಾಗ ಕಳೆದುಕೊಂಡೇ ಯೋಜನೆ ಹಾಕಿ.

ಎತ್ತರ: ಎಂಟೂವರೆ ಅಡಿಯೋ, ಹದಿನೈದು ಅಡಿಯೋ?

‘ಕೈಗೆ ಎಟುಕಬಾರದು’ ಎಂದು ಎಲ್ಲವನ್ನೂ ಮೇಲಕ್ಕೇರಿಸುವುದು ಎಲ್ಲೆಡೆ ಕಾಣುವ ತಪ್ಪು. ಮುಖದ ಎತ್ತರ ನೆಲದಿಂದ ಸುಮಾರು 5¼ ಅಡಿ ಎಂದುಕೊಳ್ಳಿ. ಕ್ಯಾಮೆರಾ 10 ಅಡಿ ಎತ್ತರದಲ್ಲಿದ್ದು ವ್ಯಕ್ತಿ 10 ಅಡಿ ದೂರದಲ್ಲಿದ್ದರೆ ನೋಟದ ಇಳಿಜಾರು ಸುಮಾರು 25 ಡಿಗ್ರಿ, ಮುಖ ಸಿಗುತ್ತದೆ. ಅದೇ ದೂರಕ್ಕೆ ಕ್ಯಾಮೆರಾ 15 ಅಡಿಯಲ್ಲಿದ್ದರೆ ಇಳಿಜಾರು 44 ಡಿಗ್ರಿ. ಆಗ ಟೋಪಿ ಹಾಕಿದ್ದರೆ ಟೋಪಿ, ಹಾಕದಿದ್ದರೆ ಕೂದಲು. 30 ಡಿಗ್ರಿ ದಾಟಿದರೆ ಮುಖದ ಆಸೆ ಬಿಡಿ.

ಹಾಗಾಗಿ ಎರಡು ಕೆಲಸಕ್ಕೆ ಎರಡು ಎತ್ತರ. ಮುಖ ಬೇಕಾದಲ್ಲಿ, ಅಂದರೆ ಗೇಟು, ಮುಂಬಾಗಿಲು, ಹಿಂಬಾಗಿಲುಗಳಲ್ಲಿ, 8ರಿಂದ 9 ಅಡಿ. ಚಲನವಲನ ತಿಳಿದರೆ ಸಾಕು ಎನ್ನುವಲ್ಲಿ, ಅಂದರೆ ಅಂಗಳ, ಕಾಂಪೌಂಡಿನ ಸಾಲು, ಟೆರೇಸಿನಲ್ಲಿ, 11ರಿಂದ 14 ಅಡಿ. ತಗ್ಗಿನಲ್ಲಿರುವ ಕ್ಯಾಮೆರಾವನ್ನು ಯಾರಾದರೂ ತಿರುಗಿಸಿಯಾರು ಎಂಬ ಭಯ ಸರಿಯೇ. ಅದಕ್ಕೆ ಉಪಾಯ, ತಗ್ಗಿನದನ್ನು ಎತ್ತರದ ಇನ್ನೊಂದು ಕ್ಯಾಮೆರಾ ನೋಡುತ್ತಿರುವಂತೆ ಕೂರಿಸುವುದು. ತಗ್ಗಿನದಕ್ಕೆ ಪೆಟ್ಟು ತಾಳುವ ಐಕೆ10 ಗುರುತಿನದನ್ನು ಆರಿಸಿ.

ಬುಲೆಟ್, ಡೋಮ್, ಟರೆಟ್, ತಿರುಗುವ ಕ್ಯಾಮೆರಾ

ಬುಲೆಟ್ ದೂರದಿಂದಲೇ ಕಾಣುತ್ತದೆ, ಹೆದರಿಕೆ ಹುಟ್ಟಿಸುತ್ತದೆ, ಮುಂದೆ ಚಾಚಿದ ಟೋಪಿಯಿಂದ ಮಳೆಗೂ ಸ್ವಲ್ಪ ಮರೆ. ಆದರೆ ಜೇಡ ಬಲೆ ಕಟ್ಟಲು ಅದರ ಮೂತಿಯೇ ಇಷ್ಟ, ಕೋತಿ ಹಿಡಿದು ಜೋತಾಡಲೂ ಅನುಕೂಲ. ಡೋಮ್ ಗಟ್ಟಿ, ಆದರೆ ಹೊರಗಿನ ಪಾರದರ್ಶಕ ಬುರುಡೆಗೆ ಧೂಳು, ನೀರಹನಿ ಕೂತರೆ ರಾತ್ರಿಯ ಅವಗೆಂಪು (ಇನ್‌ಫ್ರಾರೆಡ್) ಬೆಳಕು ಅಲ್ಲೇ ಚದುರಿ ಮಂಜು ಕವಿದಂತಾಗುತ್ತದೆ. ಗುಡ್ಡೆಯಂತಿರುವ ಟರೆಟ್‌ಗೆ ಬುರುಡೆಯಿಲ್ಲ, ಹಿಡಿದೆಳೆಯಲು ತುದಿಯೂ ಇಲ್ಲ. ಪೋರ್ಟಿಕೋದ ಕೆಳಗೆ, ಸಿಟ್‌ಔಟ್ ಚಾವಣಿಯಲ್ಲಿ ಟರೆಟ್. ಉದ್ದ ನೋಟಕ್ಕೆ ಬುಲೆಟ್.

ಸುತ್ತ ತಿರುಗುವ ಪಿಟಿಝಡ್ ಒಂದೇ ಕ್ಯಾಮೆರಾ ನಾಲ್ಕು ದಿಕ್ಕು ನೋಡುತ್ತದೆ ಎಂದು ಮಾರುತ್ತಾರೆ. ಅದು ಒಮ್ಮೆಗೆ ನೋಡುವುದು ಒಂದೇ ದಿಕ್ಕು. ಅದು ಹಿತ್ತಲು ನೋಡುವಾಗ ಗೇಟಿನಲ್ಲಿ ನಡೆದದ್ದು ದಾಖಲಾಗುವುದಿಲ್ಲ. ನಾಲ್ಕು ಸ್ಥಿರ ಕ್ಯಾಮೆರಾಗಳ ಜೊತೆಗೆ ಐದನೆಯದಾಗಿ ಬೇಕಾದರೆ ಇರಲಿ.

ಬಿಸಿಲಿನ ದಿಕ್ಕು, ರಾತ್ರಿಯ ಬೆಳಕು

ಪೂರ್ವಕ್ಕೆ ಬಾಗಿಲಿರಬೇಕು ಎಂಬ ಆಸೆ ನಮ್ಮಲ್ಲಿ ಬಲವಾದದ್ದು, ಹಾಗಾಗಿ ಗೇಟು ನೋಡುವ ಕ್ಯಾಮೆರಾ ಬೆಳಗಿನ ಬಿಸಿಲನ್ನು ನೇರ ಎದುರಿಸುವ ಮನೆಗಳು ಬಹಳ. ಸೂರ್ಯ ಹುಟ್ಟುವ ಜಾಗ ಜೂನ್‌ನಲ್ಲಿ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿಯುತ್ತದೆ. ಅಂದರೆ ವರ್ಷದ ಯಾವ ತಿಂಗಳಲ್ಲಾದರೂ ಬೆಳಗಿನ ಒಂದೆರಡು ಗಂಟೆ ಗೇಟಿನಲ್ಲಿ ನಿಂತವರು ಕಪ್ಪು ನೆರಳಾಗುತ್ತಾರೆ. ಉತ್ತಮ ಪರಿಹಾರವೆಂದರೆ ಕ್ಯಾಮೆರಾವನ್ನು ಮನೆಗೋಡೆಯಿಂದ ಎದುರಿಗೆ ತಿರುಗಿಸದೆ, ಕಾಂಪೌಂಡಿನ ದಕ್ಷಿಣದ ಮೂಲೆಯಿಂದ ಗೇಟಿನ ಉದ್ದಕ್ಕೆ ಉತ್ತರಕ್ಕೆ ನೋಡುವಂತೆ ಇಡುವುದು. ಅದು ಆಗದಿದ್ದರೆ 120 ಡಿಬಿ ನಿಜವಾದ ಡಬ್ಲ್ಯುಡಿಆರ್ (ಒಂದೇ ಚಿತ್ರದಲ್ಲಿ ಬಿಸಿಲು, ನೆರಳು ಎರಡನ್ನೂ ಸ್ಪಷ್ಟವಾಗಿ ತೋರಿಸುವ ಸೌಲಭ್ಯ) ಇರುವ ಕ್ಯಾಮೆರಾ ಬೇಕು. ಪೆಟ್ಟಿಗೆಯ ಮೇಲೆ ‘ಡಿಜಿಟಲ್ ಡಬ್ಲ್ಯುಡಿಆರ್’ ಎಂದಿದ್ದರೆ ಈ ಕೆಲಸಕ್ಕೆ ಅದು ಸಾಲದು.

ರಾತ್ರಿಗೆ ಮೂರು ದಾರಿ. 850 ನ್ಯಾನೊಮೀಟರ್ ಅವಗೆಂಪು ದೀಪ ಎಲ್ಲಕ್ಕಿಂತ ದೂರ ಬೀಳುತ್ತದೆ. ಹತ್ತಿರದಿಂದ ನೋಡಿದರೆ ಮಂದ ಕೆಂಪು ಕಾಣುತ್ತದೆ. 940ರದ್ದು ಕಣ್ಣಿಗೆ ಕಾಣದು, ಆದರೆ ಅದರ ದೂರ ಕಡಿಮೆ. ಮೂರನೆಯದು ಬಿಳಿ ದೀಪದೊಂದಿಗೆ ಬಣ್ಣದ ಚಿತ್ರ. ಬಟ್ಟೆಯ ಬಣ್ಣ, ಗಾಡಿಯ ಬಣ್ಣ ಬೇಕಾದಲ್ಲಿ ಇದಕ್ಕೆ ಸಮನಿಲ್ಲ. ಕಪ್ಪುಬಿಳುಪಿನಲ್ಲಿ ಕೆಂಪು ಶರಟು ಬೂದುಬಣ್ಣವಾಗಿ ಕಾಣುವುದುಂಟು. ಆದರೆ ರಾತ್ರಿಯಿಡೀ ಉರಿಯುವ ಬಿಳಿ ದೀಪ ಎದುರು ಮನೆಯ ಮಲಗುವ ಕೋಣೆಗೆ ಬಿದ್ದರೆ ಜಗಳ ಖಚಿತ, ಮಳೆಗಾಲದಲ್ಲಿ ಹುಳಗಳ ಹಿಂಡೇ ಮುತ್ತುತ್ತದೆ. ಮಾಮೂಲಿಗೆ ಅವಗೆಂಪು, ಮನುಷ್ಯರು ಬಂದಾಗ ಮಾತ್ರ ಬಿಳಿ ದೀಪ ಹೊತ್ತಿಸುವ ಎರಡು ಬಗೆಯ ಬೆಳಕಿನ ಕ್ಯಾಮೆರಾ ಗೇಟಿಗೆ ಒಳ್ಳೆಯದು.

ಕ್ಯಾಮೆರಾದ ಪಕ್ಕದ ಒಂದೂವರೆ ಅಡಿಯೊಳಗೆ ಬಿಳಿ ಗೋಡೆ, ಸಜ್ಜೆಯ ಅಂಚು, ಪೈಪು ಇರಬಾರದು. ಅವಗೆಂಪು ಬೆಳಕು ಅದಕ್ಕೆ ಬಡಿದು ಹಿಂತಿರುಗಿದರೆ ಕ್ಯಾಮೆರಾ ‘ಬೆಳಕು ಸಾಕಷ್ಟಿದೆ’ ಎಂದು ಲೆಕ್ಕಹಾಕಿ ಉಳಿದದ್ದನ್ನು ಕತ್ತಲೆ ಮಾಡುತ್ತದೆ. ಬೀದಿದೀಪದ ಕೆಳಗೆ ಚಿತ್ರ ಮಿಣುಕುತ್ತಿದ್ದರೆ ಸೆಟ್ಟಿಂಗಿನಲ್ಲಿ 60 ಹರ್ಟ್ಸ್ ಇರುತ್ತದೆ; 50ಕ್ಕೆ ಬದಲಿಸಿ.

ಗಾಡಿಯ ನಂಬರ್ ಪ್ಲೇಟಿನ ಆಸೆ ಎಲ್ಲರಿಗೂ ಇರುತ್ತದೆ. ರಾತ್ರಿ ಕ್ಯಾಮೆರಾದ ಶಟರ್ ತಾನೇ 1/25 ಸೆಕೆಂಡಿಗೆ ಇಳಿಯುತ್ತದೆ. ಗಂಟೆಗೆ 20 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ 22 ಸೆಂ.ಮೀ. ಸರಿದಿರುತ್ತದೆ, ಅಕ್ಷರಗಳು ಒಂದರೊಳಗೊಂದು ಕರಗುತ್ತವೆ. ಮೇಲಾಗಿ ಈಗಿನ ಎಚ್‌ಎಸ್‌ಆರ್‌ಪಿ ಫಲಕ ಬೆಳಕನ್ನು ಬಂದ ಕಡೆಗೇ ತಿರುಗಿಸುವುದರಿಂದ ಅವಗೆಂಪು ಬೆಳಕಿಗೆ ಬರೀ ಬಿಳಿ ಪಟ್ಟಿಯಾಗುತ್ತದೆ. ನಂಬರೇ ಬೇಕು ಎಂದರೆ ಅದಕ್ಕೆಂದೇ ಒಂದು ಕ್ಯಾಮೆರಾ ಬೇಕು: 6 ಅಥವಾ 12 ಮಿ.ಮೀ. ಲೆನ್ಸ್, ಶಟರ್ 1/500, ನೋಟವೆಲ್ಲ ಒಂದು ಗಾಡಿಯ ಅಗಲಕ್ಕೆ. ಅದರಲ್ಲಿ ರಾತ್ರಿ ಸುತ್ತಲಿನದೇನೂ ಕಾಣದು. ಮುಖದ ಕೆಲಸವನ್ನು ಅದಕ್ಕೇ ವಹಿಸಬೇಡಿ.

ತಂತಿ: ಅತಿ ಹೆಚ್ಚು ಕೆಡುವ ಭಾಗ

ಇಲ್ಲಿ ನಾಲ್ಕು ಆಯ್ಕೆಗಳಿವೆ, ಮತ್ತು ಮುಂದಿನ ಐದಾರು ವರ್ಷದ ನೆಮ್ಮದಿ ನಿಂತಿರುವುದು ಈ ಆಯ್ಕೆಯ ಮೇಲೆ.

ಮೊದಲನೆಯದು ಡಿವಿಆರ್ (ಚಿತ್ರ ದಾಖಲಿಸುವ ಪೆಟ್ಟಿಗೆ) ಮತ್ತು 3+1 ಕೇಬಲಿನ (ಚಿತ್ರಕ್ಕೊಂದು, ಕರೆಂಟು ಮುಂತಾದವಕ್ಕೆ ಮೂರು ಎಳೆ) ಅನಲಾಗ್ ಎಚ್‌ಡಿ. ಅಗ್ಗ, ಎಲ್ಲ ಊರಿನಲ್ಲೂ ರಿಪೇರಿ ಮಾಡುವವರಿದ್ದಾರೆ, ಹಳೆಯ ಕೇಬಲ್ ಗೋಡೆಯೊಳಗಿದ್ದರೆ ಅದನ್ನೇ ಬಳಸಬಹುದು. ತೊಂದರೆ ಬರುವುದು ಕರೆಂಟಿನ ಎಳೆಯಲ್ಲಿ. 0.25 ಚದರ ಮಿ.ಮೀ. ತಾಮ್ರದ ಎಳೆಯಲ್ಲಿ 30 ಮೀಟರ್ ದೂರಕ್ಕೆ ಅರ್ಧ ಆಂಪಿಯರ್ ಹರಿದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 12 ವೋಲ್ಟ್ 10ಕ್ಕೆ ಇಳಿಯುತ್ತದೆ. ಹಗಲು ಕ್ಯಾಮೆರಾ ಚೆನ್ನಾಗಿಯೇ ಓಡುತ್ತದೆ. ಕತ್ತಲಾಗಿ ಅವಗೆಂಪು ದೀಪ ಹೊತ್ತಿದೊಡನೆ ಆಫ್, ಮತ್ತೆ ಆನ್, ಮತ್ತೆ ಆಫ್. ಇದನ್ನು ಕ್ಯಾಮೆರಾ ಕೆಟ್ಟಿದೆ ಎಂದು ತಿಳಿದು ಬದಲಿಸಿ ದುಡ್ಡು ಕಳೆದುಕೊಳ್ಳುವವರು ಇದ್ದಾರೆ. ಮೊದಲು ಕ್ಯಾಮೆರಾದ ತುದಿಯಲ್ಲಿ ರಾತ್ರಿ ಮಲ್ಟಿಮೀಟರ್ ಹಿಡಿದು ನೋಡಿ. ಚಿತ್ರದಲ್ಲಿ ಅಡ್ಡಪಟ್ಟೆಗಳು ಮೇಲಿಂದ ಕೆಳಗೆ ಓಡುತ್ತಿದ್ದರೆ ಅರ್ತಿಂಗ್ ದೋಷ, ಇಲ್ಲವೇ 230 ವೋಲ್ಟಿನ ತಂತಿಯ ಪೈಪಿನಲ್ಲೇ ಇದನ್ನೂ ತೂರಿಸಿರುತ್ತಾರೆ. ಎರಡರ ನಡುವೆ ಒಂದು ಅಡಿ ಅಂತರ ಇರಲಿ.

ಎರಡನೆಯದು ಪಿಒಇ, ಅಂದರೆ ಕ್ಯಾಟ್6 ಕೇಬಲ್ ಒಂದರಲ್ಲೇ ಕರೆಂಟು, ಚಿತ್ರ ಎರಡೂ. ಹೊಸ ಮನೆ ಕಟ್ಟುತ್ತಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ಹಾಕಿ. ಪ್ಲಾಸ್ಟರಿಂಗಿಗೆ ಮುಂಚೆಯೇ ಪ್ರತಿ ಮೂಲೆಗೂ ಮುಕ್ಕಾಲು ಇಂಚಿನ ಪೈಪು ಎಳೆಸಿಡಿ. 802.3ಎಎಫ್ ಮಾನಕದಲ್ಲಿ ಸ್ವಿಚ್ ಪ್ರತಿ ಪೋರ್ಟಿಗೆ 15.4 ವಾಟ್ ಕೊಡುತ್ತದೆ. ಮನೆಯ ಸ್ಥಿರ ಕ್ಯಾಮೆರಾಗಳಿಗೆ ಅದು ಧಾರಾಳ. ಒಂದು ಕೇಬಲಿನ ಉದ್ದದ ಮಿತಿ 100 ಮೀಟರ್. ಎಚ್ಚರ ಬೇಕಾದದ್ದು ಕೇಬಲಿನ ಲೋಹದಲ್ಲಿ: ಅಗ್ಗದ ಬಂಡಲ್‌ಗಳು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಿಬಣ್ಣ ಕಂಡರೆ ವಾಪಸ್ ಕೊಡಿ. ಅದರಲ್ಲಿ ವೋಲ್ಟೇಜ್ ಹೆಚ್ಚು ಇಳಿಯುತ್ತದೆ, ತುದಿಗಳು ಮುರಿಯುತ್ತವೆ.

ಮೂರನೆಯದು ವೈ-ಫೈ. ಇದನ್ನು ‘ವೈರ್‌ಲೆಸ್’ ಎಂದರೂ ಕರೆಂಟಿನ ತಂತಿ ಬೇಕೇ ಬೇಕು. ಬಾಡಿಗೆ ಮನೆಗೆ, ಗೋಡೆ ಕೊರೆಯುವಂತಿಲ್ಲದ ಕಡೆಗೆ ಸರಿ. ಕಾಂಕ್ರೀಟ್ ಗೋಡೆ, ಚೀರೆಕಲ್ಲಿನ ದಪ್ಪ ಗೋಡೆ ಎರಡು ದಾಟಿದರೆ ಸಿಗ್ನಲ್ ಸೊರಗುತ್ತದೆ. ಕ್ಯಾಮೆರಾ ಕೂರುವ ಜಾಗದಲ್ಲೇ ಮೊಬೈಲ್ ಆ್ಯಪ್‌ನಿಂದ ಅಳೆಯಿರಿ: ಮೈನಸ್ 65 ಡಿಬಿಎಂ ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ (ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಮುಂದುವರಿಯಿರಿ, ಮೈನಸ್ 75 ಇದ್ದರೆ ಬೇಡ. ಕ್ಯಾಮೆರಾದಲ್ಲೇ ಮೆಮೊರಿ ಕಾರ್ಡ್ ಇರಲಿ. ವೈ-ಫೈ ಬಿದ್ದಾಗಲೂ ದಾಖಲೆ ಉಳಿಯುತ್ತದೆ.

ನಾಲ್ಕನೆಯದು ಬ್ಯಾಟರಿ, ಸೋಲಾರ್, 4ಜಿ ಸಿಮ್. ತಂತಿ ಹೋಗದ ತೋಟ, ಪಂಪ್‌ಹೌಸ್‌ಗೆ ಇದೇ ಗತಿ. ಇದರ ಸ್ವಭಾವ ತಿಳಿದಿರಬೇಕು: ಬ್ಯಾಟರಿ ಉಳಿಸಲು ಇದು ನಿದ್ದೆಯಲ್ಲಿರುತ್ತದೆ. ದೇಹದ ಶಾಖ ಹಿಡಿಯುವ ಪಿಐಆರ್ ಸೆನ್ಸರ್ ಎಬ್ಬಿಸಿದಾಗ ದಾಖಲೆ ಶುರು, ಅಷ್ಟರಲ್ಲಿ ಮೊದಲ ಒಂದೆರಡು ಸೆಕೆಂಡು ಹೋಗಿರುತ್ತದೆ. ಕ್ಯಾಮೆರಾಗೆ ಅಡ್ಡಲಾಗಿ ನಡೆದವರನ್ನು ಇದು ಬೇಗ ಹಿಡಿಯುತ್ತದೆ, ನೇರ ಎದುರಿಗೆ ಬಂದವರನ್ನು ತಡವಾಗಿ. ಹಾಗಾಗಿ ಕಾಲುದಾರಿಯ ಪಕ್ಕಕ್ಕೆ, ದಾರಿಗೆ ಅಡ್ಡನೋಟ ಬರುವಂತೆ ಹಾಕಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗಾಳಿಯ ಶಾಖವೇ ಮೈಶಾಖದಷ್ಟಾದಾಗ ಈ ಸೆನ್ಸರ್ ಮಂಕಾಗುತ್ತದೆ. ಮಲೆನಾಡಿನ ಜುಲೈ, ಆಗಸ್ಟಿನಲ್ಲಿ ಸೋಲಾರ್ ಫಲಕಕ್ಕೆ ಬಿಸಿಲೇ ಇಲ್ಲ, ಅಡಿಕೆ ಮರಗಳ ನೆರಳಿನಲ್ಲಿ ವರ್ಷವಿಡೀ ಇಲ್ಲ. ಸಿಮ್ ಮೇಲೆ ನಿರಂತರ ವಿಡಿಯೊ ಕಳಿಸಲು ಹೋಗಬೇಡಿ. ಸೆಕೆಂಡಿಗೆ 1 ಮೆಗಾಬಿಟ್‌ನ ಹರಿವೇ ದಿನಕ್ಕೆ 10.8 ಜಿಬಿ ಆಗುತ್ತದೆ.

30×40 ಸೈಟಿನ ಮನೆಗೆ ನಾಲ್ಕು

ಮೊದಲನೆಯದು ಗೇಟಿಗೆ. 4 ಮೆಗಾಪಿಕ್ಸೆಲ್, 4 ಮಿ.ಮೀ., ಎಂಟೂವರೆ ಅಡಿ ಎತ್ತರ, ಗೇಟಿನಿಂದ 10ರಿಂದ 12 ಅಡಿಯೊಳಗೆ. ಕೂರಿಸುವ ಮುಂಚೆ ಕಾರನ್ನು ಒಳಗೆ ನಿಲ್ಲಿಸಿ, ಗೇಟಿನ ರೆಕ್ಕೆಯನ್ನು ಪೂರ್ತಿ ತೆರೆದು ನೋಡಿ. ಎತ್ತರದ ಕಾರೊಂದು ಇಡೀ ನೋಟವನ್ನು ಮುಚ್ಚುವುದು ಆಗಲೇ ಗೊತ್ತಾಗುತ್ತದೆ.

ಎರಡನೆಯದು ಮುಂಬಾಗಿಲಿಗೆ: ಸಿಟ್‌ಔಟ್ ಚಾವಣಿಯಲ್ಲಿ 2.8 ಮಿ.ಮೀ. ಟರೆಟ್, ಬಾಗಿಲಿನಿಂದ ಆರೇಳು ಅಡಿ ದೂರದಲ್ಲಿ. ಬಾಗಿಲ ನೆತ್ತಿಯ ಮೇಲೆ ಹಾಕಿದರೆ ಮತ್ತೆ ತಲೆಗೂದಲೇ. ಕಾಲಿಂಗ್ ಬೆಲ್ ಒತ್ತುವವನ ಮುಖ ಬರುವಂತೆ ಒಂದು ಪಕ್ಕದಿಂದ ನೋಡಲಿ.

ಮೂರನೆಯದು ಪಕ್ಕದ ಓಣಿಗೆ. ಮೂರಡಿ ಅಗಲ, ಮೂವತ್ತು ನಲವತ್ತಡಿ ಉದ್ದದ ಈ ಓಣಿಯಲ್ಲೇ ಯುಟಿಲಿಟಿಯ ಬಾಗಿಲಿಗೆ ದಾರಿ. ಇಲ್ಲಿ 2.8 ಹಾಕಿದರೆ ಚಿತ್ರದ ಮುಕ್ಕಾಲು ಭಾಗ ಎರಡು ಗೋಡೆಗಳೇ. 6 ಮಿ.ಮೀ. ತೆಗೆದುಕೊಂಡು ಕ್ಯಾಮೆರಾವನ್ನು 90 ಡಿಗ್ರಿ ಹೊರಳಿಸಿ, ಸೆಟ್ಟಿಂಗಿನಲ್ಲಿ ಕಾರಿಡಾರ್ ಮೋಡ್ ಆನ್ ಮಾಡಿ; ಚಿತ್ರ ಮೊಬೈಲ್ ನಿಲ್ಲಿಸಿ ಹಿಡಿದಂತೆ ಉದ್ದವಾಗುತ್ತದೆ, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಕ್ಯಾಮೆರಾ ಸಾಕಾಗುತ್ತದೆ.

ನಾಲ್ಕನೆಯದನ್ನು ಬಹಳ ಮಂದಿ ರಸ್ತೆಗೆ ತಿರುಗಿಸುತ್ತಾರೆ. ಅದನ್ನು ಟೆರೇಸಿಗೆ ಕೊಡಿ. ಸಾಲು ಮನೆಗಳಲ್ಲಿ ಒಂದು ಟೆರೇಸಿನಿಂದ ಇನ್ನೊಂದಕ್ಕೆ ದಾಟುವುದು ಸುಲಭ, ಮೆಟ್ಟಿಲ ಕೋಣೆಯ ಬಾಗಿಲು ಮನೆಯ ಬಾಗಿಲುಗಳಲ್ಲೆಲ್ಲ ದುರ್ಬಲವಾದದ್ದು. ಟ್ಯಾಂಕಿನ ಕಟ್ಟೆಗೆ ಕೂರಿಸಿ ಆ ಬಾಗಿಲನ್ನು ನೋಡುವಂತೆ ಮಾಡಿ. ಒಣಹಾಕಿದ ಬಟ್ಟೆ ಹಾರಾಡಿ ಸುಳ್ಳು ಎಚ್ಚರಿಕೆ ಬಾರದಂತೆ ಮನುಷ್ಯರನ್ನು ಗುರುತಿಸುವ ಆಯ್ಕೆಯನ್ನು ಆನ್ ಮಾಡಿಡಿ.

ತೋಟದ ಮನೆಗೆ ಬೇರೆ ಲೆಕ್ಕ

ಕಾಂಪೌಂಡ್ ಇಲ್ಲ, ದಣಪೆಯಿಂದ (ತೋಟದ ಗೇಟಿನಿಂದ) ಮನೆಗೆ ಇನ್ನೂರು ಮುನ್ನೂರು ಅಡಿ ದಾರಿ, ಅಂಗಳದಲ್ಲಿ ಒಣಗುವ ಅಡಿಕೆ, ಕಾಳುಮೆಣಸು, ಆಚೆ ಕೊಟ್ಟಿಗೆ. ಇಲ್ಲಿ ಮೊದಲ ಅಗತ್ಯ ಬೇಗ ತಿಳಿಯುವುದು, ಮುಖ ಎರಡನೆಯದು. ಅಂಗಳವನ್ನು ಎದುರುಬದುರು ಮೂಲೆಗಳಿಂದ ಎರಡು ಕ್ಯಾಮೆರಾಗಳು ನೋಡಲಿ, 12 ಅಡಿ ಎತ್ತರ, 4 ಮಿ.ಮೀ. ಹಗಲಿನಲ್ಲಿ 4 ಮೆಗಾಪಿಕ್ಸೆಲ್ ಕ್ಯಾಮೆರಾ ಸುಮಾರು 190 ಅಡಿಯವರೆಗೂ ‘ಯಾರೋ ಇದ್ದಾರೆ’ ಎಂದು ತೋರಿಸಬಲ್ಲದು, ಆದರೆ ಸಾಮಾನ್ಯ ಕ್ಯಾಮೆರಾದ ಅವಗೆಂಪು ದೀಪ ಸುಮಾರು ನೂರು ಅಡಿಗೆ ಮುಗಿಯುತ್ತದೆ. ಅದರಾಚೆ ಒಂದು ಎಲ್‌ಇಡಿ ಬೀದಿದೀಪ ಹಾಕುವುದು ಇನ್ನೊಂದು ಕ್ಯಾಮೆರಾ ಹಾಕುವುದಕ್ಕಿಂತ ಉಪಯುಕ್ತ. ಮುಖ ಬೇಕಾದ ದಣಪೆಯ ಬಳಿ, ಕಂಬಕ್ಕೆ, 6 ಮಿ.ಮೀ. ಕ್ಯಾಮೆರಾ ಒಂದು.

ಮಲೆನಾಡಿನಲ್ಲಿ ಕ್ಯಾಮೆರಾಗಳ ದೊಡ್ಡ ಶತ್ರು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಎಲ್ಲೋ ಸಮೀಪ ಬಿದ್ದ ಸಿಡಿಲು ಕೂಡ ಉದ್ದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಎಬ್ಬಿಸಿ, ಆ ತುದಿಯ ಕ್ಯಾಮೆರಾವನ್ನೂ ಈ ತುದಿಯ ಡಿವಿಆರನ್ನೂ ಒಟ್ಟಿಗೆ ಸುಡುತ್ತದೆ. ಆದ್ದರಿಂದ ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಕಂಬಕ್ಕೆ, ಕೊಟ್ಟಿಗೆಗೆ ಹೋಗುವ ಸಂಪರ್ಕವನ್ನು ಆಪ್ಟಿಕಲ್ ಫೈಬರ್‌ನಲ್ಲಿ ಎಳೆಯಿರಿ, ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲಿನ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ) ಹಾಕಿ. ಫೈಬರ್‌ನಲ್ಲಿ ಕರೆಂಟು ಹರಿಯದು. ಆದರೆ ಡ್ರಾಪ್ ಕೇಬಲಿನಲ್ಲಿ (ಹೊರಗೆ ಎಳೆಯುವ ತೆಳು ಫೈಬರ್ ಕೇಬಲ್) ಬಲಕ್ಕಾಗಿ ಇರುವ ಉಕ್ಕಿನ ಎಳೆಯನ್ನು ಉಪಕರಣಕ್ಕೆ ಮುಟ್ಟದಂತೆ ಹಿಂದೆಯೇ ಕತ್ತರಿಸಬೇಕು. ಆ ತುದಿಗೆ ಕರೆಂಟನ್ನು ಅಲ್ಲಿಯ ಮೀಟರ್ ಬೋರ್ಡಿನಿಂದಲೇ ಕೊಡಿ, ಸರ್ಜ್ ಪ್ರೊಟೆಕ್ಟರ್ ಮೂಲಕ. ಅದಕ್ಕೆ ಒಳ್ಳೆಯ ಅರ್ತ್ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಕೊಯ್ಲಿನ ಎರಡು ಮೂರು ತಿಂಗಳಿಗೆ ಮಾತ್ರ ಕಾವಲು ಬೇಕಾದ ಕಣಕ್ಕೆ ಬ್ಯಾಟರಿಯ 4ಜಿ ಕ್ಯಾಮೆರಾ ಸಾಕು. ಆ ದಿನಗಳಲ್ಲಿ ಬಿಸಿಲೂ ಇರುತ್ತದೆ. ಕರಾವಳಿಯವರು ಒಂದು ಅಂಶ ಸೇರಿಸಿಕೊಳ್ಳಿ: ಪೆಟ್ಟಿಗೆಯಲ್ಲಿ ಬರುವ ಸ್ಕ್ರೂಗಳನ್ನು ಬಿಟ್ಟು ಸ್ಟೇನ್‌ಲೆಸ್ ಸ್ಟೀಲಿನವನ್ನು ಬಳಸಿ. ಉಪ್ಪುಗಾಳಿಗೆ ಕ್ಯಾಮೆರಾಗಿಂತ ಮೊದಲು ತುಕ್ಕು ಹಿಡಿಯುವುದು ಅವೇ.

ಕೂರಿಸುವ ದಿನ

ಗೋಡೆ ಕೊರೆಯುವ ಮುಂಚೆ ಕ್ಯಾಮೆರಾವನ್ನು ಕೋಲಿಗೆ ಕಟ್ಟಿ, ಅದೇ ಎತ್ತರದಲ್ಲಿ ಹಿಡಿದು, ಒಂದು ಸಲ ಹಗಲು, ಒಂದು ಸಲ ರಾತ್ರಿ ನೋಡಿ. ಮನೆಯವರೊಬ್ಬರು ಗೇಟಿನಿಂದ ಎಂದಿನ ನಡಿಗೆಯಲ್ಲಿ ಬರಲಿ. ನೇರ ಪ್ರಸಾರವನ್ನು ನೋಡಿ ಸಮಾಧಾನಪಡಬೇಡಿ. ದಾಖಲಾದದ್ದನ್ನು ನಿಲ್ಲಿಸಿ ಮುಖ ನೋಡಿ. ದಾಖಲೆಗೆ ಕಡಿಮೆ ಗುಣಮಟ್ಟ ಇಟ್ಟಿರುವುದು ಆಗ ಸಿಕ್ಕಿಬೀಳುತ್ತದೆ.

ಕ್ಯಾಮೆರಾದ ಬಾಲದ ಕನೆಕ್ಟರ್‌ಗಳು ಗೋಡೆಯ ಮೇಲೆ ನೇತಾಡಬಾರದು. ಹಿಂದೆ ರಬ್ಬರ್ ವಾಷರ್ ಇರುವ ಪಿವಿಸಿ ಬಾಕ್ಸ್ ಕೂರಿಸಿ ಅದರೊಳಗೆ ಸೇರಿಸಿ. ಕ್ಯಾಮೆರಾ ಧೂಳು, ನೀರು ತಡೆಯುವ ಐಪಿ67 ಗುರುತಿನದಾದರೂ ಅದರ ಕನೆಕ್ಟರ್ ಹಾಗಲ್ಲ. ನೀರು ಹೊಕ್ಕರೆ ಪಿಒಇ ಕರೆಂಟಿಗೆ ಪಿನ್ನುಗಳು ಹಸಿರುಗಟ್ಟಿ ಕೆಲವೇ ತಿಂಗಳಲ್ಲಿ ಸವೆಯುತ್ತವೆ. ಕೇಬಲ್ ಬಾಕ್ಸಿಗೆ ಕೆಳಗಿನಿಂದ ಹೋಗಲಿ, ಹೋಗುವ ಮುಂಚೆ ಒಂದು ಬಾಗು ಕೆಳಗೆ ಇಳಿದಿರಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಗೋಡೆಯ ತೂತನ್ನು ಹೊರಗಡೆಗೆ ಇಳಿಜಾರಾಗಿ ಕೊರೆಸಿ, ಸಿಲಿಕೋನ್ ತುಂಬಿ.

ಡಿವಿಆರ್ ಅಥವಾ ಎನ್‌ವಿಆರ್ (ಪಿಒಇ ಕ್ಯಾಮೆರಾಗಳಿಗೆ ದಾಖಲಿಸುವ ಪೆಟ್ಟಿಗೆ) ಟಿವಿಯ ಕೆಳಗೆ ಬೇಡ. ಒಳಗೆ ಬಂದ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಗಾಳಿಯಾಡುವ ಅಟ್ಟದಲ್ಲೋ ಬೀಗವಿರುವ ಬೀರುವಿನಲ್ಲೋ ಇಡಿ. ನಾಲ್ಕು ಕ್ಯಾಮೆರಾ ಸೆಕೆಂಡಿಗೆ ತಲಾ 2 ಮೆಗಾಬಿಟ್‌ನಂತೆ ನಿರಂತರ ದಾಖಲಿಸಿದರೆ ದಿನಕ್ಕೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕಿಗೆ ಹನ್ನೊಂದು ದಿನ, 2 ಟಿಬಿಗೆ ಇಪ್ಪತ್ತಮೂರು ದಿನ. ಊರಿಗೆ ಹೋಗಿ ಬರುವಷ್ಟು ದಿನವಾದರೂ ಉಳಿಯಬೇಕೆಂದರೆ 2 ಟಿಬಿ ಹಾಕಿಸಿ. ಇಡೀ ವ್ಯವಸ್ಥೆ ಎಳೆಯುವುದು ನಲವತ್ತು ವಾಟಿನ ಆಸುಪಾಸು, ಮನೆಯ ಇನ್ವರ್ಟರ್‌ಗೆ ಅದು ಹೊರೆಯಲ್ಲ. ಇಂಟರ್ನೆಟ್ ಪೆಟ್ಟಿಗೆಯನ್ನೂ ಅದೇ ಇನ್ವರ್ಟರ್ ಪಾಯಿಂಟಿಗೆ ಸೇರಿಸುವುದನ್ನು ಮರೆಯಬೇಡಿ.

ಹೊಸದಾಗಿ ಕೊಳ್ಳುವವರು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆಯನ್ನು ನೋಡಿ. 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆಯೂ ಕಡ್ಡಾಯ. ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಟ್ಟರೆ ಅದರ ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆಯೇ ಎಂದು ಕೇಳಿ. ಕೂರಿಸಿದವರು ಇಟ್ಟ ಪಾಸ್‌ವರ್ಡನ್ನು ಅವರು ಹೊರಟ ಕೂಡಲೇ ಬದಲಿಸಿ.

ನೆರೆಮನೆ, ಬಾಡಿಗೆದಾರರು

ನಿಮ್ಮ ಕ್ಯಾಮೆರಾ ನಿಮ್ಮ ಸೈಟನ್ನು ನೋಡಬೇಕು. ಪಕ್ಕದವರ ಕಿಟಕಿ, ಬಚ್ಚಲು, ಬಟ್ಟೆ ಒಗೆಯುವ ಕಲ್ಲು ನೋಟಕ್ಕೆ ಬಿದ್ದರೆ ಕೋನ ಬದಲಿಸಿ; ಆಗದಿದ್ದರೆ ಸೆಟ್ಟಿಂಗಿನ ಪ್ರೈವಸಿ ಮಾಸ್ಕ್‌ನಿಂದ ಆ ಭಾಗಕ್ಕೆ ಕಪ್ಪು ಚೌಕ ಹಾಕಿ, ಪಕ್ಕದವರನ್ನು ಕರೆದು ತೋರಿಸಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಮಹಿಳೆಯರ ಖಾಸಗಿ ಕ್ಷಣಗಳನ್ನು ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಮೇಲಿನ ಮಹಡಿ ಬಾಡಿಗೆಗಿದ್ದರೆ ಕ್ಯಾಮೆರಾ ಮೆಟ್ಟಿಲಿನ ಬುಡಕ್ಕೆ ನಿಲ್ಲಲಿ, ಅವರ ಬಾಗಿಲಿಗೆ ತಿರುಗದಿರಲಿ. ಮೈಕನ್ನು ಆಫ್ ಮಾಡಿ, ಕ್ಯಾಮೆರಾ ಇದೆ ಎಂಬ ಫಲಕ ಹಾಕಿ.

ಘಟನೆ ನಡೆದರೆ

ಡಿಸ್ಕ್ ತುಂಬಿ ಹಳೆಯದು ಅಳಿಯುವ ಮುಂಚೆ ಆ ಹೊತ್ತಿನ ದೃಶ್ಯವನ್ನು, ಹಿಂದುಮುಂದಿನ ಅರ್ಧ ಗಂಟೆಯ ಸಹಿತ, ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು, ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು ಮೂಲದ ಗುಣಮಟ್ಟ ಕಳೆದುಕೊಂಡಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯೂ (ಫೈಲು ಬದಲಾಗಿಲ್ಲ ಎಂದು ತೋರಿಸುವ, ಬೆರಳಚ್ಚಿನಂಥ ಸಂಖ್ಯೆ) ಇರಬೇಕು. ತನಿಖಾಧಿಕಾರಿಯನ್ನು ಕೇಳಿ ಭರ್ತಿ ಮಾಡಿ, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ. ಡಿವಿಆರ್ ಗಡಿಯಾರ ನಿಜ ಸಮಯಕ್ಕಿಂತ ಎಷ್ಟು ನಿಮಿಷ ಹಿಂದಿದೆ ಅಥವಾ ಮುಂದಿದೆ ಎಂದು ಆಗಲೇ ಬರೆದಿಡಿ. ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ತಪ್ಪುತ್ತಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದರ್ಥ; ಅದನ್ನು ಬದಲಿಸಿ, ಸಮಯವನ್ನು ಇಂಟರ್ನೆಟ್ಟಿನಿಂದ ತಾನೇ ಹೊಂದಿಸಿಕೊಳ್ಳುವಂತೆ ಎನ್‌ಟಿಪಿ ಆನ್ ಮಾಡಿಡಿ.